ತಪ್ಪಕ್ಷರಕ್ಕೆ ಹೊಣೆ ಯಾರು?

ಹೊಸಪೇಟೆಯಾಗಲಿ, ಕಂಪ್ಲಿಯಾಗಲಿ, ಸಂಡೂರಾಗಲಿ, ಹಬ್ಬ ಬಂತು, ಜಾತ್ರೆ ಬಂತು, ನಾಯಕರೊಬ್ಬರ ಹುಟ್ಟುಹಬ್ಬ ಬಂತು ಎಂದರೆ ಅದು ಮೊದಲು ಗೊತ್ತಾಗುವುದು ವೃತ್ತಗಳಲ್ಲಿ ಏಳುವ ಫಲಕಗಳಿಂದ. ಆಳೆತ್ತರದ ಅಕ್ಷರ, ಕಣ್ಣು ಕೋರೈಸುವ ಬಣ್ಣ. ಆದರೆ ‘ಶುಭಾಶಯ’ ಅಲ್ಲಿ ‘ಶುಭಾಷಯ’ವಾಗಿರುತ್ತದೆ. ‘ಹಾರ್ದಿಕ’ಕ್ಕೆ ಬೇಡದ ಮಹಾಪ್ರಾಣ ಸೇರಿ ‘ಹಾರ್ಧಿಕ’ವಾಗಿರುತ್ತದೆ. ಹಿರಿಯರ ಆಶೀರ್ವಾದದ ರೇಫ ಜಾಗ ತಪ್ಪಿ ‘ಆರ್ಶೀವಾದ’ವಾಗಿರುತ್ತದೆ. ತೀರಿಕೊಂಡವರಿಗೂ ಬಿಡುಗಡೆಯಿಲ್ಲ, ಅವರಿಗೆ ಸಲ್ಲುವುದು ‘ಶ್ರದ್ದಾಂಜಲಿ’. ಕುಡಿತದ ವಿರುದ್ಧದ ಗೋಡೆಬರಹದಲ್ಲಿ ‘ಮದ್ಯ ನಿಷೇಧ’ವು ‘ಮಧ್ಯ ನಿಷೇದ’ವಾದಾಗಲಂತೂ ನಿಷೇಧವಾದದ್ದು ಹೆಂಡವೋ ನಡುವೋ ಎಂದು ಕೇಳುವಂತಾಗುತ್ತದೆ.

ಇದನ್ನು ಕಂಡು ಸಂಕಟಪಡುವವರು ಪ್ರತಿ ಊರಿನಲ್ಲೂ ಇದ್ದಾರೆ. ನಿವೃತ್ತ ಮೇಷ್ಟರು, ಗ್ರಂಥಾಲಯಕ್ಕೆ ತಪ್ಪದೆ ಹೋಗುವವರು, ಪತ್ರಿಕೆ ಓದುವಾಗ ಕೈಯಲ್ಲಿ ಪೆನ್ನು ಹಿಡಿದಿರುವವರು. ಅವರ ಸಂಕಟಕ್ಕೆ ಸಿಗುವ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: ಅರ್ಥವಾಯಿತಲ್ಲ, ಮತ್ತೇನು? ಈ ಉತ್ತರವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಭಾಷೆ ನಿಂತ ನೀರಲ್ಲ. ಇಂದಿನ ತಪ್ಪು ನಾಳಿನ ಸರಿಯಾದ ಉದಾಹರಣೆಗಳು ಬೇಕಾದಷ್ಟಿವೆ. ಹಾಗಾದರೆ ಯಾವುದು ಭಾಷೆಯ ಬದಲಾವಣೆ, ಯಾವುದು ಬರೆಯುವವನ ಅಲಕ್ಷ್ಯ? ಈ ಪ್ರಶ್ನೆಯನ್ನು ಒರೆಗೆ ಹಚ್ಚಲು ತುಂಗಭದ್ರೆಯ ಈ ದಂಡೆಗಿಂತ ಒಳ್ಳೆಯ ಜಾಗ ಸಿಗಲಾರದು. ಇಲ್ಲಿನ ಊರುಗಳ ಹೆಸರುಗಳೇ ಆ ಪಾಠವನ್ನು ಹೇಳುತ್ತವೆ.

ಊರ ಹೆಸರುಗಳ ಪಾಠ

ಹಂಪಿಯ ಮೂಲರೂಪ ‘ಪಂಪಾ’ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ವಿರೂಪಾಕ್ಷನಿಗೆ ಪಂಪಾಪತಿ ಎಂದೂ ಹೆಸರು, ದೇವಿ ಪಂಪಾಂಬಿಕೆ, ಕ್ಷೇತ್ರ ಪಂಪಾಕ್ಷೇತ್ರ. ಸುಮಾರು ಹತ್ತನೆಯ ಶತಮಾನದಿಂದೀಚೆಗೆ ಕನ್ನಡದಲ್ಲಿ ಪದದ ಮೊದಲಿನ ಪಕಾರ ಹಕಾರವಾಗತೊಡಗಿತು. ಪಾಲು ಹಾಲಾಯಿತು, ಪೂ ಹೂವಾಯಿತು, ಪಳ್ಳಿ ಹಳ್ಳಿಯಾಯಿತು, ಪೊಸತು ಹೊಸತಾಯಿತು. ಪಂಪೆಯೂ ಹಂಪೆಯಾಯಿತು. ನೆರೆಯ ತೆಲುಗು ಈ ದಾರಿ ಹಿಡಿಯಲಿಲ್ಲ. ಆದ್ದರಿಂದಲೇ ಬಳ್ಳಾರಿ ಸೀಮೆಯ ಸಂತೆಗಳಲ್ಲಿ ಇಂದಿಗೂ ಹಾಲು, ಪಾಲು ಎರಡೂ ಮಾತು ಒಟ್ಟೊಟ್ಟಿಗೆ ಕೇಳುತ್ತವೆ.

ಬದಲಾವಣೆ ಅಲ್ಲಿಗೇ ನಿಲ್ಲಲಿಲ್ಲ. ಈ ಭಾಗದ ಮಾತಿನಲ್ಲಿ ಪದದ ಕೊನೆಯ ಎಕಾರ ಇಕಾರವಾಗುತ್ತದೆ: ಮನೆ ‘ಮನಿ’, ಕೆರೆ ‘ಕೆರಿ’. ಹಂಪೆ ‘ಹಂಪಿ’ಯಾದದ್ದೂ ಹೀಗೆಯೇ. ಹಿಂದಿನ ತಲೆಮಾರಿನ ಲೇಖಕರು ಹಂಪೆ ಎಂದೇ ಬರೆಯುತ್ತಿದ್ದರು. ಈಗ ಊರಿನ ಫಲಕದಲ್ಲಿ, ಪಠ್ಯಪುಸ್ತಕದಲ್ಲಿ, 1991ರಲ್ಲಿ ಸ್ಥಾಪನೆಯಾದ ಕನ್ನಡ ವಿಶ್ವವಿದ್ಯಾಲಯದ ವಿಳಾಸದಲ್ಲಿ ಇರುವುದು ಹಂಪಿ. ಜನರ ನಾಲಿಗೆ ಗೆದ್ದಿತು, ಪಂಡಿತರು ಒಪ್ಪಿದರು. ಇದನ್ನು ಯಾರೂ ತಪ್ಪು ಎನ್ನುವುದಿಲ್ಲ.

ಕಂಪ್ಲಿಯದೂ ಇದೇ ಕಥೆ. ಹನ್ನೊಂದನೆಯ ಶತಮಾನದ ಚೋಳ ಶಾಸನಗಳು ಅಲ್ಲಿದ್ದ ಚಾಲುಕ್ಯರ ಅರಮನೆಯನ್ನು ನಾಶಮಾಡಿದ್ದನ್ನು ಹೆಮ್ಮೆಯಿಂದ ಹೇಳಿಕೊಳ್ಳುವಾಗ ಊರನ್ನು ಕರೆಯುವುದು ‘ಕಂಪಿಲಿ’ ಎಂದು. ಗಂಡುಗಲಿ ಕುಮಾರರಾಮನ ತಂದೆ ಕಂಪಿಲರಾಯ. 1327ರ ಸುಮಾರಿಗೆ ದೆಹಲಿಯ ಸೈನ್ಯಕ್ಕೆ ಸೋತು ಅಳಿದದ್ದು ಕಂಪಿಲಿ ರಾಜ್ಯ. ಕಾಲ ಸರಿದಂತೆ ನಡುವಿನ ಇಕಾರ ಸವೆದುಹೋಗಿ ಊರು ಕಂಪ್ಲಿಯಾಯಿತು. ಸಂಡೂರನ್ನು ಸೊಂಡೂರು ಎಂದು ಹೇಳುವವರೂ ಬರೆಯುವವರೂ ಇದ್ದಾರೆ. ನದಿಯಾಚೆಯ ಆನೆಗೊಂದಿ ಹಲವರ ಬರಹದಲ್ಲಿ ಆನೆಗುಂದಿ. ಇವೆಲ್ಲ ಬಾಯಿಂದ ಬಾಯಿಗೆ ಹರಿದು ಬಂದ ರೂಪಗಳು.

ಹೊಸಪೇಟೆ ಮಾತ್ರ ಬೇರೆ ಬಗೆಯ ಬದಲಾವಣೆಗೆ ಒಳಗಾಯಿತು. ಕೃಷ್ಣದೇವರಾಯನ ಕಾಲದಲ್ಲಿ ನಾಗಲಾಪುರವೆಂದು ಬೆಳೆದು, ಜನರ ಬಾಯಲ್ಲಿ ಹೊಸಪೇಟೆಯಾದ ಈ ಊರನ್ನು ಆಂಗ್ಲರ ದಫ್ತರುಗಳು ‘ಹಾಸ್ಪೆಟ್’ ಮಾಡಿದವು. ಎರಡು ಸ್ವರಗಳು ಮಾಯವಾಗಿ, ಹೊಸದು ಎಂಬ ಅರ್ಥವೂ ಪೇಟೆ ಎಂಬ ಅರ್ಥವೂ ಅಳಿಸಿಹೋದವು. ರೋಮನ್ ಅಕ್ಷರಗಳಲ್ಲಿ ಹ್ರಸ್ವ ದೀರ್ಘಗಳ ಗುರುತಿಲ್ಲ. ಸಂಡೂರಿನ ಡಕಾರವನ್ನು ದಕಾರವೆಂದು ಓದಿದರೂ ಅಲ್ಲಿ ಕೇಳುವವರಿಲ್ಲ. ಹಿಂದಿ ಬರೆಯುವ ನಾಗರಿಯಲ್ಲಿ ಹ್ರಸ್ವ ಎ, ಒಗಳಿಗೆ ಅಕ್ಷರವಿಲ್ಲ. ಹೀಗಾಗಿ ಅಲ್ಲಿ ‘ಹೊ’ ಎಂಬುದು ‘ಹೋ’ ಆಗಲೇಬೇಕು. ಇದು ಅಲಕ್ಷ್ಯವಲ್ಲ, ಲಿಪಿಯ ಮಿತಿ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರನ್ನು ಕನ್ನಡದ ಉಚ್ಚಾರಣೆಗೆ ಹೊಂದಿಸಿದಾಗ ಆ ಪಟ್ಟಿಯಲ್ಲಿ ಹೊಸಪೇಟೆಯೂ ಇತ್ತು, ಬಳ್ಳಾರಿಯೂ ಇತ್ತು. 2021ರಲ್ಲಿ ಹೊಸಪೇಟೆ ಹೊಸ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು. ಕಂಪ್ಲಿ, ಸಂಡೂರುಗಳು ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಹೆಸರನ್ನು ಸರಿಯಾಗಿ ಬರೆಯುವುದು ಸರ್ಕಾರಿ ಆದೇಶ ಹೊರಡಿಸುವಷ್ಟು ಮುಖ್ಯವಾದ ಕೆಲಸವೆಂಬುದು ಹೀಗೆ ಸಿದ್ಧವಾಯಿತು.

ಊರ ಹೆಸರುಗಳಲ್ಲಿ ಎರಡು ಬಗೆಯ ಬದಲಾವಣೆ ಕಂಡಂತಾಯಿತು: ನಾಲಿಗೆ ಮಾಡಿದ್ದು ಒಂದು, ಲಿಪಿಯ ಕೊರತೆ ಮಾಡಿದ್ದು ಇನ್ನೊಂದು. ‘ಶುಭಾಷಯ’ ಇವೆರಡರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಮಾತಿನಲ್ಲಿ ಹಾಗೆ ಯಾರೂ ಬೇರೆಯಾಗಿ ಉಚ್ಚರಿಸುವುದಿಲ್ಲ. ಕನ್ನಡ ಲಿಪಿಯಲ್ಲಿ ಶಕಾರಕ್ಕೆ ಕೊರತೆಯೂ ಇಲ್ಲ.

ಹರಿಹರ ಬಿಟ್ಟ ಅಕ್ಷರಗಳು

ಅಕ್ಷರ ತಪ್ಪಿತೆಂಬ ಕೊರಗು ಕನ್ನಡದಷ್ಟೇ ಹಳೆಯದು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವೇ ಕನ್ನಡ ಬರೆಯುವವರ ದೋಷಗಳನ್ನು ಎತ್ತಿ ತೋರಿಸುತ್ತದೆ. ಸಂಸ್ಕೃತ ಪದವನ್ನೂ ಕನ್ನಡ ಪದವನ್ನೂ ಅರಿಯದೆ ಬೆರೆಸಿ ಸಮಾಸ ಮಾಡುವುದನ್ನು ಅದು ಕಾಯುವ ಹಾಲಿಗೆ ಮಜ್ಜಿಗೆಯ ಹನಿ ಬಿಟ್ಟಂತೆ ಎಂದು ಹೋಲಿಸುತ್ತದೆ. ಕನ್ನಡದ ತಿರುಳು ಎಂದು ಅದು ಗುರುತಿಸುವ ನಾಡಿನ ನಾಲ್ಕು ಮೂಲೆಗಳಲ್ಲಿ ಒಂದು ಕೊಪಣ, ಎಂದರೆ ಇಂದಿನ ಕೊಪ್ಪಳ. ಹೊಸಪೇಟೆಯಿಂದ ನದಿ ದಾಟಿದರೆ ಸಿಗುವ ಊರು. ಭಾಷೆಯ ಶುದ್ಧಿಯ ಮಾತು ಎಲ್ಲೋ ದೂರದಿಂದ ಇಲ್ಲಿಗೆ ಬಂದದ್ದಲ್ಲ, ಈ ಮಣ್ಣಿನದೇ.

ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆಯುವ ಹೊತ್ತಿಗೆ ಸಮಸ್ಯೆ ಬೇರೆಯಾಗಿತ್ತು. ಹಳಗನ್ನಡದಲ್ಲಿ ಱ, ೞ ಎಂಬ ಎರಡು ಅಕ್ಷರಗಳಿದ್ದವು. ಶಕಟರೇಫವೆಂದು ಕರೆಯುವ ಱಕಾರ ಅರ್ಥವನ್ನೇ ಬದಲಿಸುತ್ತಿತ್ತು: ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಕತ್ತರಿಸು. ಇಂದಿನ ‘ಮಳೆ’ ಅಂದು ‘ಮೞೆ’ಯಾಗಿತ್ತು. ಆದರೆ ಜನರ ಉಚ್ಚಾರಣೆಯಲ್ಲಿ ಈ ಭೇದ ಕರಗುತ್ತಿತ್ತು. ಕಿವಿ ಕೇಳದ ಭೇದವನ್ನು ಕೈ ಬರೆಯಬೇಕಾದಾಗ ಗೊಂದಲ ಅನಿವಾರ್ಯ. ಅದಕ್ಕೇ ಕೇಶಿರಾಜ ೞಕಾರವಿರುವ ಪದಗಳ ಪಟ್ಟಿಯನ್ನೇ ಕೊಟ್ಟ. ಪಟ್ಟಿ ಬೇಕಾಯಿತೆಂಬುದೇ ಆ ಅಕ್ಷರ ಬಾಯಿಂದ ಜಾರುತ್ತಿತ್ತು ಎಂಬುದಕ್ಕೆ ಸಾಕ್ಷಿ.

ಸೋಜಿಗವೆಂದರೆ, ಕೇಶಿರಾಜನಿಗಿಂತ ಸ್ವಲ್ಪ ಮೊದಲೇ ಹಂಪಿಯಲ್ಲಿ ಒಬ್ಬ ಕವಿ ಈ ಗೊಡವೆಯೇ ಬೇಡವೆಂದು ಬಿಟ್ಟಿದ್ದ. ರಗಳೆಗಳ ಕವಿ ಹರಿಹರ, ವಿರೂಪಾಕ್ಷನ ಪರಮಭಕ್ತ. ಹೊಯ್ಸಳ ಅರಸನಲ್ಲಿ ಕರಣಿಕನಾಗಿದ್ದು, ಲೆಕ್ಕದ ಕೆಲಸ ತೊರೆದು ಹಂಪಿಗೆ ಬಂದನೆಂದು ಪರಂಪರೆ ಹೇಳುತ್ತದೆ. ರಳ, ಕುಳ, ಶಕಟರೇಫಗಳ ಹಳೆಯ ಕಟ್ಟುಪಾಡನ್ನು ತನ್ನ ಕಾವ್ಯದಲ್ಲಿ ಪಾಲಿಸುವುದಿಲ್ಲವೆಂದು ಆತ ಬಹಿರಂಗವಾಗಿಯೇ ಸಾರಿದ. ಜನರಿಗಾಗಿ ಹಾಡುವ ಕವಿಗೆ ಜನರ ಕಿವಿಗೆ ಕೇಳದ ಭೇದ ಬೇಡವಾಗಿತ್ತು. ಕಾಲ ಹರಿಹರನ ಪಕ್ಷ ವಹಿಸಿತು. ಆ ಎರಡು ಅಕ್ಷರಗಳು ಈಗ ಹಳಗನ್ನಡ ಕಾವ್ಯಗಳ ಮುದ್ರಣದಲ್ಲಿ ಮಾತ್ರ ಉಳಿದಿವೆ.

ಹಾಗಾದರೆ ‘ಹಾರ್ಧಿಕ ಶುಭಾಷಯ’ದವರೂ ಹರಿಹರನ ವಂಶಸ್ಥರೇ? ಖಂಡಿತ ಅಲ್ಲ. ಹರಿಹರ ತಾನು ಏನನ್ನು ಬಿಡುತ್ತಿದ್ದೇನೆ ಎಂಬುದನ್ನು ಬಲ್ಲ. ಬಿಡುತ್ತೇನೆಂದು ಮೊದಲೇ ಹೇಳಿದ; ತನ್ನ ಹೆಸರಿನ ಕಾವ್ಯದಲ್ಲೇ ಹೇಳಿದ. ನಮ್ಮ ಕಾಲದಲ್ಲಿ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಮಾಡಿದ್ದೂ ಇಂಥದೇ ಕೆಲಸ. ಹೆಚ್ಚಿನ ಕನ್ನಡಿಗರ ಸಹಜ ಮಾತಿನಲ್ಲಿ ಮಹಾಪ್ರಾಣವಿಲ್ಲ, ಆದ್ದರಿಂದ ಬರಹಕ್ಕೂ ಅದು ಬೇಡ ಎಂದು ಅವರು ವಾದಿಸಿದರು. ತಮ್ಮ ಪುಸ್ತಕಗಳ ಮೇಲೆ ತಮ್ಮ ಹೆಸರನ್ನೇ ‘ಶಂಕರ ಬಟ್’ ಎಂದು ಬರೆದುಕೊಂಡರು. ಈ ವಾದವನ್ನು ಒಪ್ಪಬಹುದು, ಬಿಡಬಹುದು. ಆದರೆ ಅದೊಂದು ಕ್ರಮ. ಮಹಾಪ್ರಾಣವನ್ನು ಎಲ್ಲ ಕಡೆಯೂ ಬಿಡುವುದು ಸುಧಾರಣೆಯಾಗಬಹುದು. ‘ನಿಷೇಧ’ದಲ್ಲಿ ಬಿಟ್ಟು ‘ಮದ್ಯ’ಕ್ಕೆ ಅಂಟಿಸುವುದು ಯಾವ ಸುಧಾರಣೆಯೂ ಅಲ್ಲ.

ತಪ್ಪು ಹುಟ್ಟುವ ಬಗೆ

ಇಂಥ ತಪ್ಪುಗಳಿಗೂ ಕಾರಣಗಳಿವೆ. ಆಡುಮಾತಿನಲ್ಲಿ ಮಹಾಪ್ರಾಣ ಇಲ್ಲದವನಿಗೆ ಅದು ಕಿವಿಯಿಂದ ಬರುವುದಿಲ್ಲ, ಕಣ್ಣಿನಿಂದಲೇ ಬರಬೇಕು. ಓದು ಕಡಿಮೆಯಾದಷ್ಟೂ ಕಣ್ಣಿನ ನೆನಪು ಮಸುಕಾಗುತ್ತದೆ. ಆಗ ಮಹಾಪ್ರಾಣ ಗೌರವಸೂಚಕ ಆಭರಣದಂತೆ ಕಾಣತೊಡಗುತ್ತದೆ. ಸಂದರ್ಭ ದೊಡ್ಡದಾದಷ್ಟೂ ಹೊಟ್ಟೆ ಸೀಳಿದ ಅಕ್ಷರಗಳು ಹೆಚ್ಚುತ್ತವೆ. ‘ಅಭಿನಂಧನೆ’, ‘ವಿಧ್ಯಾರ್ಥಿ’, ‘ವಿಧ್ಯುತ್’ ಹುಟ್ಟುವುದು ಹೀಗೆ. ಪದವನ್ನು ಬಿಡಿಸಿ ನೋಡುವ ಅಭ್ಯಾಸವಿದ್ದರೆ ಈ ತಪ್ಪಿಗೆ ಎಡೆಯಿಲ್ಲ. ಶುಭವಾದ ಆಶಯ ಶುಭಾಶಯ. ಹೃದಯಕ್ಕೆ ಸಂಬಂಧಿಸಿದ್ದು ಹಾರ್ದಿಕ. ಹೃದಯದ ದಕಾರಕ್ಕೆ ಮಹಾಪ್ರಾಣವಿಲ್ಲ, ಹಾರ್ದಿಕಕ್ಕೂ ಇಲ್ಲ. ವಿದ್ಯೆ ಬೇಡುವವನು ವಿದ್ಯಾರ್ಥಿ.

‘ಆರ್ಶೀವಾದ’ದ ಕಾರಣ ಬೇರೆ. ಅರ್ಕಾವತ್ತು ಕನ್ನಡ ಲಿಪಿಯ ಒಂದು ವಿಚಿತ್ರ. ಉಚ್ಚಾರಣೆಯಲ್ಲಿ ಮೊದಲು ಬರುವ ರಕಾರ ಬರಹದಲ್ಲಿ ಮುಂದಿನ ಅಕ್ಷರದ ಬಲಕ್ಕೆ ಕೂರುತ್ತದೆ. ಕೇಳುವ ಕ್ರಮ ಒಂದು, ಬರೆಯುವ ಕ್ರಮ ಇನ್ನೊಂದು. ಹೀಗಾಗಿ ಅವಸರದ ಕೈ ಅದನ್ನು ಒಂದು ಮನೆ ಹಿಂದಕ್ಕೆ ಸರಿಸಿಬಿಡುತ್ತದೆ. ಒಮ್ಮೆ ಬಾಯಿಬಿಟ್ಟು ಓದಿದರೆ ಸಾಕು, ‘ಆರ್ಶೀವಾದ’ ಎಂದು ಯಾವ ಅಜ್ಜಿಯೂ ಹರಸುವುದಿಲ್ಲವೆಂಬುದು ತಿಳಿಯುತ್ತದೆ.

ಗಣಕಯಂತ್ರ ಈ ಗೊಂದಲಕ್ಕೆ ವೇಗ ಕೊಟ್ಟಿತು. ಕನ್ನಡ ಗಣಕ ಪರಿಷತ್ತಿನ ಕೀಲಿಮಣೆಯಲ್ಲಿ ದಕಾರಕ್ಕೂ ಧಕಾರಕ್ಕೂ ಒಂದೇ ಕೀಲಿ. ಶಿಫ್ಟ್ ಒತ್ತಿದರೆ ಒಂದು, ಒತ್ತದಿದ್ದರೆ ಇನ್ನೊಂದು. ಲಕಾರ, ಳಕಾರಗಳದೂ ಹಾಗೆಯೇ. ಇಲ್ಲಿ ಮಾತ್ರ ಸಂಸ್ಕೃತದ ನೆಪ ನಡೆಯದು, ಏಕೆಂದರೆ ಇದು ಅಚ್ಚಗನ್ನಡದ ಭೇದ, ಕಿವಿಗೆ ಸ್ಪಷ್ಟವಾಗಿ ಕೇಳುವ ಭೇದ. ಹುಲಿ ಹುಳಿಯಲ್ಲ, ಕಲೆ ಕಳೆಯಲ್ಲ. ಕಂಪ್ಲಿಯ ಭತ್ತ, ಕಬ್ಬಿನ ರೈತನಿಗೆ ‘ಬೆಳೆ ಪರಿಹಾರ’ಕ್ಕೂ ‘ಬೆಲೆ ಪರಿಹಾರ’ಕ್ಕೂ ಇರುವ ಅಂತರವನ್ನು ಯಾವ ವ್ಯಾಕರಣ ಪಂಡಿತನೂ ಹೇಳಿಕೊಡಬೇಕಿಲ್ಲ. ಆ ಅಂತರ ಒಂದು ಕೀಲಿಯಷ್ಟು.

ಹಿಂದೆ ಅಚ್ಚುಮೊಳೆ ಜೋಡಿಸುವ ಕಾಲದಲ್ಲೂ ತಪ್ಪುಗಳಾಗುತ್ತಿದ್ದವು. ಬಹುಶಃ ಹೆಚ್ಚೇ ಆಗುತ್ತಿದ್ದವು. ಆದರೆ ಮೊಳೆ ಜೋಡಿಸುವವನಿಗೂ ಓದುಗನಿಗೂ ನಡುವೆ ಒಬ್ಬನಿದ್ದ, ಕರಡು ತಿದ್ದುವವನು. ಲಗ್ನಪತ್ರಿಕೆಯ ಕರಡಚ್ಚನ್ನು ಕೂಡ ಮನೆಯ ಹಿರಿಯರೊಬ್ಬರು ಕನ್ನಡಕ ಹಾಕಿಕೊಂಡು ಓದಿ, ಸರಿಯಿದೆಯೆಂದು ಸಹಿ ಹಾಕಿದ ಮೇಲೆಯೇ ಯಂತ್ರ ತಿರುಗುತ್ತಿತ್ತು. ಈಗ ಫೋನಿನಲ್ಲಿ ಹೇಳಿದ್ದು ಒಂದು ಗಂಟೆಯಲ್ಲಿ ಹತ್ತು ಅಡಿಯ ಫಲಕವಾಗಿ ನಿಲ್ಲುತ್ತದೆ. ಯಂತ್ರದ ವೇಗ ದೋಷವಲ್ಲ. ನಡುವಿನ ಆ ಓದುವ ಕಣ್ಣು ಮಾಯವಾದದ್ದು ದೋಷ. ಪತ್ರಿಕೆಗಳೂ ಈ ಮಾತಿಗೆ ಹೊರತಲ್ಲ.

ಕಲ್ಲಿನ ಮೇಲಿನ ಸಹಿ

ಹಾಗೆಂದು ಹಿಂದಿನವರೆಲ್ಲ ತಪ್ಪಿಲ್ಲದೆ ಬರೆದರು ಎಂದುಕೊಂಡರೆ ಅದೂ ಭ್ರಮೆಯೇ. ಶಾಸನಗಳನ್ನು ಓದಿದವರಿಗೆ ಗೊತ್ತು: ಶಕವರ್ಷ ಅಲ್ಲಿ ಎಷ್ಟೋ ಕಡೆ ‘ಸಕವರುಷ’. ಶ, ಸಗಳ ಅದಲುಬದಲು ಲೆಕ್ಕವಿಲ್ಲದಷ್ಟು. ಒಂದೇ ಹೆಸರು ಎರಡು ಸಾಲುಗಳಲ್ಲಿ ಎರಡು ರೂಪ ತಾಳುವುದೂ ಉಂಟು.

ಆದರೆ ಆ ಶಾಸನಗಳಲ್ಲಿ ಯಾವುದು ಸಡಿಲ, ಯಾವುದು ಬಿಗಿ ಎಂಬುದನ್ನು ಗಮನಿಸಬೇಕು. ಕಾಗುಣಿತ ಸಡಿಲವಿರಬಹುದು, ವಿಷಯ ಸಡಿಲವಿಲ್ಲ. ದಾನ ಕೊಟ್ಟವರಾರು, ಪಡೆದವರಾರು, ಎಷ್ಟು ಭೂಮಿ, ಯಾವ ಅಳತೆ, ಯಾವ ತಿಥಿ ಎಂಬುದೆಲ್ಲ ಅಲ್ಲಿರುತ್ತದೆ. ನಾಲ್ಕು ದಿಕ್ಕಿನ ಎಲ್ಲೆಯನ್ನು ಕಲ್ಲು, ಹಳ್ಳ, ಮರ, ಬಾವಿಗಳ ಗುರುತಿನಿಂದ ಹೇಳಿರುತ್ತಾರೆ. ಅರಸನ ಪ್ರಶಸ್ತಿ ಸಂಸ್ಕೃತ ಶ್ಲೋಕದಲ್ಲಿದ್ದರೂ ಎಲ್ಲೆಕಟ್ಟಿನ ವಿವರ ಸಾಮಾನ್ಯವಾಗಿ ಕನ್ನಡದಲ್ಲಿರುತ್ತದೆ. ಊರವರು ಓದಿ ತಿಳಿಯಬೇಕಾದದ್ದು ಊರವರ ಭಾಷೆಯಲ್ಲಿ. ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿ ಕೃಷ್ಣದೇವರಾಯನ ಪಟ್ಟಾಭಿಷೇಕದ ಕಾಲದ ಪ್ರಸಿದ್ಧ ಶಾಸನವಿದೆ; ದತ್ತಿಬಿಟ್ಟ ಹಳ್ಳಿಯ ಹೆಸರನ್ನೂ ಕಟ್ಟಿಸಿದ ರಂಗಮಂಟಪವನ್ನೂ ಅದರಿಂದ ಇಂದಿಗೂ ತಿಳಿಯಬಹುದು. ಐನೂರು ವರ್ಷ ಕಳೆದರೂ ಅರ್ಥಕ್ಕೆ ಭಂಗ ಬಂದಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಬರೆದವನು ಹೆಸರು ಹೇಳುತ್ತಿದ್ದ. ಎಷ್ಟೋ ಶಾಸನಗಳ ಕೊನೆಯಲ್ಲಿ ಪಾಠವನ್ನು ಬರೆದವನ ಹೆಸರು ಬೇರೆ, ಕಲ್ಲು ಕಂಡರಿಸಿದವನ ಹೆಸರು ಬೇರೆ. ಕೃಷ್ಣದೇವರಾಯನ ಹಲವು ತಾಮ್ರಶಾಸನಗಳನ್ನು ರಚಿಸಿದವನು ಸಭಾಪತಿ, ಕೊರೆದವನು ಮಲ್ಲಣನ ಮಗ ವೀರಣಾಚಾರ್ಯ. ಆ ತಗಡುಗಳ ಪಾಠ ನಂದಿನಾಗರಿ ಲಿಪಿಯಲ್ಲಿದ್ದರೂ ಕೊನೆಯಲ್ಲಿ ಅರಸನ ಅಂಕಿತವಾಗಿ ‘ಶ್ರೀ ವಿರೂಪಾಕ್ಷ’ ಎಂಬುದು ಕನ್ನಡ ಅಕ್ಷರಗಳಲ್ಲಿರುತ್ತದೆ. ರಚಿಸಿದವನು, ಕೊರೆದವನು, ಒಪ್ಪಿದವನು ಮೂವರೂ ಗೊತ್ತು. ತಪ್ಪಾದರೆ ಕೇಳಲು ಬಾಗಿಲುಗಳಿದ್ದವು.

ಈ ಪದ್ಧತಿಯ ಬೇರು ಇನ್ನೂ ಆಳಕ್ಕೆ ಹೋಗುತ್ತದೆ. ಅಶೋಕನ ಲಘು ಶಿಲಾಶಾಸನಗಳು ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲಿ ದೊರೆತಿವೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನವನ್ನು 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು. ಅದರ ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ತಾನು ಲಿಪಿಕಾರನೆಂಬುದನ್ನು ಆತ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದುಕೊಂಡಿದ್ದಾನೆ. ಸಾಮ್ರಾಟನ ಮಾತಿನ ಕೆಳಗೆ ಒಬ್ಬ ಬರಹಗಾರನ ಹೆಮ್ಮೆ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಉಳಿದು ಬಂದಿದೆ.

ಅದೇ ಕಾಲದಲ್ಲಿ ಅಲಕ್ಷ್ಯವೂ ಇತ್ತು. ನೆರೆಯ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಇದೇ ಲಘು ಶಾಸನದ ಸಾಲುಗಳು ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ಹೊರಟು ಒಂದಕ್ಕೊಂದು ಸಿಕ್ಕುಬಿದ್ದಿವೆ. ವಿದ್ವಾಂಸರು ಅದನ್ನು ಬಿಡಿಸಿ ಓದಲು ಹೆಣಗಬೇಕಾಯಿತು. ಅಶೋಕನಿಗೂ ಇದರ ಅರಿವಿತ್ತೆಂದು ತೋರುತ್ತದೆ. ಬರಹ ಅಲ್ಲಲ್ಲಿ ಅಪೂರ್ಣವಾಗಿದ್ದರೆ ಅದಕ್ಕೆ ಲಿಪಿಕಾರನ ತಪ್ಪೂ ಒಂದು ಕಾರಣವಾಗಿರಬಹುದು ಎಂದು ಆತನ ಹದಿನಾಲ್ಕನೆಯ ಶಿಲಾಶಾಸನವೇ ಒಪ್ಪಿಕೊಳ್ಳುತ್ತದೆ. ಭಾರತದಲ್ಲಿ ಓದಲು ಸಾಧ್ಯವಾಗಿರುವ ಅತಿ ಹಳೆಯ ಬರಹಗಳ ಸಾಲಿನಲ್ಲೇ ತಪ್ಪೊಪ್ಪಿಗೆಯೂ ಸೇರಿದೆ.

ಒಂದು ಅಕ್ಷರದ ಬೆಲೆ

ಫಲಕದ ತಪ್ಪು ಮಳೆಗೆ ತೊಳೆದುಹೋಗುತ್ತದೆ, ಇಲ್ಲವೇ ಮುಂದಿನ ಹಬ್ಬದ ಫಲಕ ಅದನ್ನು ಮುಚ್ಚುತ್ತದೆ. ದಾಖಲೆಯ ತಪ್ಪು ಹಾಗಲ್ಲ.

ಈ ಸೀಮೆಯ ಕಚೇರಿಗಳು ಹಲವು ಭಾಷೆಗಳನ್ನು ಕಂಡಿವೆ. ಹೊಸಪೇಟೆ, ಕಂಪ್ಲಿಗಳು 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದವು. ಸಂಡೂರು 1949ರವರೆಗೆ ಘೋರ್ಪಡೆ ಮನೆತನದ ಪ್ರತ್ಯೇಕ ಸಂಸ್ಥಾನ. ಜನರ ಮಾತು ಕನ್ನಡವಾದರೂ ಮೇಲಿನ ಕಾಗದಪತ್ರಗಳಿಗೆ ಇಂಗ್ಲಿಷ್ ಇತ್ತು. ಆಳುವವರ ಮನೆಮಾತು ಸಂಡೂರಿನಲ್ಲಿ ಮರಾಠಿ. ನೆರೆಹೊರೆಯಲ್ಲಿ ತೆಲುಗು, ಉರ್ದು. 1963ರ ರಾಜಭಾಷಾ ಅಧಿನಿಯಮದಿಂದ ಕನ್ನಡ ರಾಜ್ಯದ ಆಡಳಿತ ಭಾಷೆಯಾಯಿತು. ಕನ್ನಡದಲ್ಲಿ ಬರೆಯುವ ಹಕ್ಕು ಬಂದಾಗ ಸರಿಯಾಗಿ ಬರೆಯುವ ಹೊಣೆಯೂ ಬಂತು.

2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿ ದಾಖಲೆಗಳು ಗಣಕಯಂತ್ರಕ್ಕೆ ಸೇರಿದವು. ಕರಣಂ, ಶಾನುಭೋಗರ ಕಾಲದಿಂದ ಕೈಬರಹದ ಪುಸ್ತಕಗಳಲ್ಲಿ ಅಡಗಿದ್ದ ಮಾಹಿತಿ ರೈತನ ಕೈಗೆ ಸುಲಭವಾಗಿ ಸಿಗುವಂತಾದದ್ದು ದೊಡ್ಡ ಸುಧಾರಣೆ. ಆದರೆ ಕೈಬರಹದಲ್ಲಿ ‘ಇದು ಇಂಥವರದೇ’ ಎಂದು ಊರಿನವನೊಬ್ಬ ಗುರುತಿಸುತ್ತಿದ್ದ. ಯಂತ್ರ ಗುರುತಿಸುವುದು ಅಕ್ಷರವನ್ನು ಮಾತ್ರ.

ಹಂಪಿಯ ಸುತ್ತಲಿನ ಹೆಸರುಗಳನ್ನೇ ನೋಡಿ. ಪಂಪಾಪತಿ, ಹಂಪಯ್ಯ, ಪಂಪಣ್ಣ, ಹಂಪಮ್ಮ. ಸಾವಿರ ವರ್ಷದ ಹಿಂದೆ ನಡೆದ ಪಕಾರ ಹಕಾರಗಳ ಬದಲಾವಣೆ ಇಲ್ಲಿ ಮನೆಮನೆಯಲ್ಲಿ ಜೀವಂತ. ಊರಲ್ಲಿ ಹಂಪಮ್ಮ ಎಂದು ಕರೆಸಿಕೊಳ್ಳುವವಳು ಪಹಣಿಯಲ್ಲಿ ಪಂಪಮ್ಮ ಆಗಿರಬಹುದು. ಹುಲಿಗಿಯ ದೇವಿಯ ಹೆಸರಿಟ್ಟುಕೊಂಡ ಹುಲಿಗೆಮ್ಮ ಪಡಿತರ ಚೀಟಿಯಲ್ಲಿ ಹುಲಗಮ್ಮ, ಬ್ಯಾಂಕಿನಲ್ಲಿ ಹುಲ್ಗೆಮ್ಮ. ಎರ್ರಿಸ್ವಾಮಿ ಒಂದು ಕಡೆ ಯರ್ರಿಸ್ವಾಮಿ, ಇನ್ನೊಂದು ಕಡೆ ಏರಿಸ್ವಾಮಿ. ಕನ್ನಡದಿಂದ ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಮತ್ತೆ ಕನ್ನಡಕ್ಕೆ ಮರಳಿದ ಹೆಸರಂತೂ ಹೆತ್ತವರಿಗೇ ಗುರುತು ಸಿಗದಂತಾಗುತ್ತದೆ. ಭಾಷಾವಿಜ್ಞಾನಕ್ಕೆ ಇವೆಲ್ಲ ಒಂದೇ ಹೆಸರಿನ ಸಹಜ ರೂಪಗಳು. ಯಂತ್ರಕ್ಕೆ ಇವು ಬೇರೆ ಬೇರೆ ವ್ಯಕ್ತಿಗಳು.

ಆಗ ಶುರುವಾಗುತ್ತದೆ ‘ಹೆಸರು ತಿದ್ದುಪಡಿ’ ಎಂಬ ಅಲೆದಾಟ. ಅರ್ಜಿ, ಛಾಪಾ ಕಾಗದ, ನೋಟರಿಯ ಮುಂದೆ ಪ್ರಮಾಣಪತ್ರ, ತಾಲ್ಲೂಕು ಕಚೇರಿಗೆ ಬಸ್ಸಿನ ಖರ್ಚು, ಕಳೆದುಹೋದ ದಿನಗೂಲಿ. ಅಷ್ಟರವರೆಗೆ ಸಹಾಯಧನ ನಿಂತಿರುತ್ತದೆ, ತಂದೆಯ ಜಮೀನು ಮಗಳ ಹೆಸರಿಗೆ ಬರುವುದು ನಿಂತಿರುತ್ತದೆ. ತಪ್ಪು ಮಾಡಿದವನು ಬೇರೆ, ತಿದ್ದಿಸಲು ಅಲೆಯುವವಳು ಬೇರೆ. ಅರ್ಥವಾದರೆ ಸಾಕೆಂಬ ವಾದ ಸೋಲುವುದು ಇಲ್ಲಿ. ಹುಲಿಗೆಮ್ಮ ಯಾರೆಂಬುದು ಕೌಂಟರಿನಾಚೆ ಕುಳಿತವರಿಗೂ ಅರ್ಥವಾಗಿರುತ್ತದೆ, ಆದರೂ ಕೆಲಸವಾಗುವುದಿಲ್ಲ.

ಆದ್ದರಿಂದ ಭಾಷಾಪ್ರೇಮಿಯ ಸಿಟ್ಟು ಎತ್ತ ತಿರುಗಬೇಕೆಂಬುದನ್ನು ತಿಳಿಯುವುದು ಅಗತ್ಯ. ಸಂಡೂರಿನ ತಾಂಡಾದ ಹುಡುಗಿಗೆ ಮನೆಮಾತು ಲಂಬಾಣಿ. ಶಾಲೆಗೆ ಬಂದಮೇಲೆ ಅವಳು ಕನ್ನಡದ ಅಕ್ಷರ ಕಲಿತಳು. ಹೊಸಪೇಟೆಯ ಎಷ್ಟೋ ಮಕ್ಕಳ ಮನೆಮಾತು ತೆಲುಗು ಅಥವಾ ಉರ್ದು. ಅವರ ನೋಟುಬುಕ್ಕಿನಲ್ಲಿ ಶಕಾರ ಷಕಾರವಾದರೆ ನಗುವುದು ಭಾಷಾಪ್ರೇಮವಲ್ಲ. ‘ಮನಿಗೆ ಹೊಂಟೀನಿ’ ಎಂಬ ಮಾತು ತಪ್ಪಲ್ಲ. ಅದು ಹಂಪೆಯನ್ನು ಹಂಪಿ ಮಾಡಿದ ಅದೇ ನಾಲಿಗೆಯ ಮಾತು. ಕೇಳಬೇಕಾದದ್ದು ಹಣ, ಸಮಯ, ಅಧಿಕಾರ ಮೂರೂ ಇದ್ದು ಓದಿ ನೋಡದೆ ಹೊರಗೆ ಬಿಡುವವರನ್ನು. ಕಚೇರಿಯ ಸುತ್ತೋಲೆ, ಪಕ್ಷದ ಫಲಕ, ಪ್ರಶ್ನೆಪತ್ರಿಕೆ, ಸ್ಮಾರಕದ ಮುಂದಿನ ಮಾಹಿತಿ ಫಲಕ, ಅಂಗೈಯಗಲದ ಗುರುತಿನ ಚೀಟಿ, ಎಲ್ಲಕ್ಕೂ ಈ ಮಾತು ಸಲ್ಲುತ್ತದೆ.

ಇದಕ್ಕೆ ಪಾಂಡಿತ್ಯ ಬೇಕಿಲ್ಲ, ಹೊಸ ಕಾನೂನೂ ಬೇಕಿಲ್ಲ. ಹೆಸರು ಬರೆದುಕೊಂಡ ಮೇಲೆ ಅದನ್ನು ಆ ಹೆಸರಿನವರಿಗೆ ಒಮ್ಮೆ ಓದಿ ಹೇಳುವುದು. ಅಚ್ಚಿಗೆ ಹೋಗುವ ಮೊದಲು ಬರೆದವನಲ್ಲದ ಇನ್ನೊಬ್ಬರು ಒಮ್ಮೆ ಕಣ್ಣಾಡಿಸುವುದು. ಕೆಳಗೆ ಮೂಲೆಯಲ್ಲಿ ಬರೆದವರ ಹೆಸರು ಇರುವುದು. ಈಗಲೂ ಫಲಕಗಳ ಕೆಳಗೆ ಹೆಸರುಗಳಿಗೇನೂ ಬರವಿಲ್ಲ. ಶುಭಕೋರುವವರ ಭಾವಚಿತ್ರಗಳೇ ಹತ್ತು ಹದಿನೈದು ಇರುತ್ತವೆ. ಇಲ್ಲದಿರುವುದು ಬರೆದವನ ಹೆಸರು ಒಂದೇ. ಚಪಡನಿಗೆ ತನ್ನ ಹೆಸರು ಹಾಕುವ ಧೈರ್ಯವಿತ್ತು, ಮಲ್ಲಣನ ಮಗ ವೀರಣಾಚಾರ್ಯನಿಗೂ ಇತ್ತು. ಕೆಳಗೆ ತನ್ನ ಹೆಸರು ಬರುತ್ತದೆಂದು ಗೊತ್ತಿರುವವನು ಮೇಲಿನ ಸಾಲನ್ನು ಇನ್ನೊಮ್ಮೆ ಓದಿಯೇ ಓದುತ್ತಾನೆ.